ಲೋಕಾಂತ್ಯವೂ ಲೋಕವಿನಾಶವೂ: ಜಾಗತಿಕ ದುರಂತಗಳ ಮುಂದೆ ಕ್ರೈಸ್ತ ಭರವಸೆ

ದೈವಾರಾಧನಾ ವರ್ಷದ ಕೊನೆಯ ವಾರಗಳಲ್ಲಿಯೂ ಆಗಮನ ಕಾಲದ ಮೊದಲ ಭಾನುವಾರದಂದೂ ಧರ್ಮಸಭೆಯು ಲೋಕಾಂತ್ಯವನ್ನು ಕುರಿತ ವಾಚನಗಳನ್ನು ವಿಶ್ವಾಸಿಗಳ ಮುಂದಿಡುತ್ತದೆ. ಸೂರ್ಯನು ಮಸುಕಾಗುವ, ನಕ್ಷತ್ರಗಳು ಉದುರುವ, ಕಡಲಿನ ಅಬ್ಬರಕ್ಕೆ ಜನಾಂಗಗಳು ತಲ್ಲಣಿಸುವ ಚಿತ್ರಗಳು ಆ ವಾಚನಗಳಲ್ಲಿ ಬರುತ್ತವೆ. ಒಂದು ಕಾಲದಲ್ಲಿ ಇಂತಹ ಮಾತುಗಳನ್ನು ಆಡುತ್ತಿದ್ದವರು ಪ್ರವಾದಿಗಳು ಮತ್ತು ಪ್ರಬೋಧಕರು ಮಾತ್ರ. ಇಂದು ಭೌತವಿಜ್ಞಾನಿಗಳು, ಹವಾಮಾನ ತಜ್ಞರು, ಸಾಂಕ್ರಾಮಿಕ ರೋಗಗಳ ಸಂಶೋಧಕರು ಸಹ ಮಾನವ ನಾಗರಿಕತೆಯ ಅಂತ್ಯವನ್ನು ಕುರಿತು ಗಂಭೀರವಾಗಿ ಬರೆಯುತ್ತಿದ್ದಾರೆ. ಬೆಳಿಗ್ಗೆ ಪತ್ರಿಕೆಯಲ್ಲಿ ಅಣ್ವಸ್ತ್ರಗಳ ಸುದ್ದಿ ಓದಿ, ನಂತರ ದೇವಾಲಯದಲ್ಲಿ ಲೂಕನ ಶುಭಸಂದೇಶದ ಇಪ್ಪತ್ತೊಂದನೆಯ ಅಧ್ಯಾಯವನ್ನು ಆಲಿಸುವ ವಿಶ್ವಾಸಿಯು, ಇವೆರಡೂ ಒಂದೇ ವಿಷಯವೇ ಎಂದು ಕೇಳಿದರೆ ಆಶ್ಚರ್ಯವಿಲ್ಲ.

ಆ ಪ್ರಶ್ನೆಗೆ ಗುರುಗಳೂ ಧರ್ಮೋಪದೇಶಕರೂ ಸ್ಪಷ್ಟವಾದ ಉತ್ತರವನ್ನು ಕೊಡಬೇಕಾಗಿದೆ. ಕ್ರೈಸ್ತ ವಿಶ್ವಾಸವು ಎದುರುನೋಡುವ 'ಅಂತ್ಯ' ಮತ್ತು ವಿಜ್ಞಾನಿಗಳು ಎಚ್ಚರಿಸುವ 'ವಿನಾಶ' ಎರಡೂ ಒಂದಲ್ಲ ಎಂಬುದೂ, ಅವನ್ನು ಒಂದೆಂದು ಭಾವಿಸಿದರೆ ಭರವಸೆ ಎಂಬ ದೈವಿಕ ಸದ್ಗುಣವೇ ಕೆಡುತ್ತದೆ ಎಂಬುದೂ ಈ ಲೇಖನದ ಪ್ರತಿಪಾದನೆ.

1. ವಿಜ್ಞಾನವು ಹೇಳುವುದೇನು?

ನಾಗರಿಕತೆಯನ್ನು ಕೊನೆಗಾಣಿಸಬಲ್ಲ ದುರಂತಗಳನ್ನು ಸಾಮಾನ್ಯವಾಗಿ ಎರಡು ಗುಂಪುಗಳಾಗಿ ವಿಂಗಡಿಸಲಾಗುತ್ತದೆ. ಮೊದಲನೆಯವು ನಿಸರ್ಗಸಹಜವಾದವು. ಸುಮಾರು 6.6 ಕೋಟಿ ವರ್ಷಗಳ ಹಿಂದೆ, ಇಂದಿನ ಮೆಕ್ಸಿಕೊ ದೇಶದ ಚಿಕ್ಷುಲೂಬ್ ಎಂಬಲ್ಲಿ, ಸುಮಾರು 10 ಕಿಲೋಮೀಟರ್ ಅಗಲದ ಕ್ಷುದ್ರಗ್ರಹವೊಂದು ಭೂಮಿಗೆ ಅಪ್ಪಳಿಸಿ ಡೈನೊಸಾರ್‌ಗಳ ಯುಗವನ್ನು ಮುಗಿಸಿತು. ಸುಮಾರು 74,000 ವರ್ಷಗಳ ಹಿಂದೆ ಸುಮಾತ್ರ ದ್ವೀಪದ ತೋಬಾ ಜ್ವಾಲಾಮುಖಿ ಸ್ಫೋಟಿಸಿದಾಗ ಅದರ ಬೂದಿ ದಕ್ಷಿಣ ಭಾರತದ ಮೇಲೂ ಸುರಿಯಿತು. ನೆರೆಯ ಆಂಧ್ರಪ್ರದೇಶದ ಜ್ವಾಲಾಪುರಂ ಎಂಬಲ್ಲಿ ಆ ಬೂದಿಯ ಪದರ ಇಂದಿಗೂ ಕಾಣಸಿಗುತ್ತದೆ. ಅಲ್ಲಿ ಉತ್ಖನನ ನಡೆಸಿದವರು ಬೂದಿಯ ಕೆಳಗೆ ಮಾತ್ರವಲ್ಲದೆ ಮೇಲೆಯೂ ಕಲ್ಲಿನ ಉಪಕರಣಗಳನ್ನು ಕಂಡರು. ಅಷ್ಟು ದೊಡ್ಡ ಸ್ಫೋಟದ ನಂತರವೂ ಈ ನೆಲದಲ್ಲಿ ಮನುಷ್ಯರ ಬದುಕು ಮುಂದುವರಿಯಿತೆಂಬುದಕ್ಕೆ ಇದನ್ನು ಅವರು ಸಾಕ್ಷ್ಯವಾಗಿ ತೋರಿಸುತ್ತಾರೆ.

ಎರಡನೆಯ ಗುಂಪಿನವು ಮನುಷ್ಯಕೃತ: ಅಣ್ವಸ್ತ್ರ ಯುದ್ಧ, ಪ್ರಯೋಗಾಲಯದಲ್ಲಿ ರೂಪಿಸಿದ ರೋಗಾಣುಗಳು, ಹವಾಮಾನದ ತೀವ್ರ ಏರುಪೇರು, ಹತೋಟಿ ತಪ್ಪಿದ ಕೃತಕ ಬುದ್ಧಿಮತ್ತೆ. ಆಕ್ಸ್‌ಫರ್ಡಿನ ತತ್ವಶಾಸ್ತ್ರಜ್ಞ ಟೋಬಿ ಓರ್ಡ್ ಅವರು 2020ರಲ್ಲಿ ಪ್ರಕಟಿಸಿದ ಕೃತಿಯಲ್ಲಿ, ಮುಂದಿನ ನೂರು ವರ್ಷಗಳಲ್ಲಿ ಮಾನವಕುಲದ ಭವಿಷ್ಯವು ಸರಿಪಡಿಸಲಾಗದಂತೆ ನಾಶವಾಗುವ ಸಂಭವವನ್ನು ಅಂದಾಜು ಮಾಡಿದ್ದಾರೆ. ನೈಸರ್ಗಿಕ ಕಾರಣಗಳಿಂದ ಬರುವ ಅಪಾಯವನ್ನು ಅವರು ಹತ್ತು ಸಾವಿರದಲ್ಲಿ ಒಂದೆಂದು ಎಣಿಸಿದರೆ, ಎಲ್ಲ ಕಾರಣಗಳನ್ನೂ ಕೂಡಿಸಿದ ಅಪಾಯವನ್ನು ಆರರಲ್ಲಿ ಒಂದೆಂದು ಎಣಿಸುತ್ತಾರೆ. ಇವು ಅಳೆದು ಪಡೆದ ಅಂಕಿಗಳಲ್ಲ, ಒಬ್ಬ ಚಿಂತಕನ ಅಂದಾಜುಗಳು. ಇವನ್ನು ಒಪ್ಪದ ವಿದ್ವಾಂಸರೂ ಇದ್ದಾರೆ. ಆದರೆ ಆಕಾಶದಿಂದ ಬೀಳಬಹುದಾದ ಕಲ್ಲಿಗಿಂತ ಮನುಷ್ಯನ ಕೈಯಲ್ಲಿರುವ ಆಯುಧವೇ ಹೆಚ್ಚು ಅಪಾಯಕಾರಿ ಎಂಬ ಅವರ ಮುಖ್ಯ ಮಾತನ್ನು ಅಲ್ಲಗಳೆಯುವುದು ಕಷ್ಟ. ಆ ಕಲ್ಲನ್ನು ತಿರುಗಿಸುವ ಪ್ರಯತ್ನವೂ ಈಗಾಗಲೇ ಆರಂಭವಾಗಿದೆ. 2022ರ ಸೆಪ್ಟೆಂಬರ್ 26ರಂದು ನಾಸಾ ಸಂಸ್ಥೆಯ ನೌಕೆಯೊಂದು ಡೈಮಾರ್ಫಸ್ ಎಂಬ ಪುಟ್ಟ ಆಕಾಶಕಾಯಕ್ಕೆ ಡಿಕ್ಕಿ ಹೊಡೆದು, ಅದು ತನ್ನ ಕಕ್ಷೆಯನ್ನು ಸುತ್ತುವ ಅವಧಿಯನ್ನು ಅರ್ಧ ಗಂಟೆಗೂ ತುಸು ಹೆಚ್ಚು ಕಡಿಮೆ ಮಾಡಿತು.

ಅಣ್ವಸ್ತ್ರ ಯುದ್ಧದ ವಿಷಯದಲ್ಲಿ ವಿಜ್ಞಾನಿಗಳ ವಾದ ಸರಳವಾಗಿದೆ. ಹೊತ್ತಿ ಉರಿಯುವ ನಗರಗಳಿಂದ ಏಳುವ ಮಸಿಯು ಮೋಡಗಳ ಮಟ್ಟವನ್ನು ದಾಟಿ ಮೇಲಿನ ವಾಯುಮಂಡಲವನ್ನು ಸೇರುತ್ತದೆ. ಅಲ್ಲಿ ಅದನ್ನು ತೊಳೆದು ಇಳಿಸಲು ಮಳೆಯಿಲ್ಲ. ವರ್ಷಗಟ್ಟಲೆ ಅದು ಬಿಸಿಲನ್ನು ತಡೆಯುತ್ತದೆ, ಭೂಮಿ ತಣ್ಣಗಾಗುತ್ತದೆ, ಬೆಳೆ ಕೈಕೊಡುತ್ತದೆ. 2022ರಲ್ಲಿ ಪ್ರಕಟವಾದ ಅಧ್ಯಯನವೊಂದರ ಲೆಕ್ಕದಂತೆ, ಭಾರತ ಮತ್ತು ಪಾಕಿಸ್ತಾನಗಳ ನಡುವಿನ ಅಣ್ವಸ್ತ್ರ ಯುದ್ಧವೊಂದರಿಂದಲೇ ಲೋಕದಾದ್ಯಂತ 200 ಕೋಟಿಗೂ ಹೆಚ್ಚು ಜನ ಹಸಿವಿನಿಂದ ಸಾಯಬಹುದು. ಅಮೆರಿಕ ಮತ್ತು ರಷ್ಯಗಳ ನಡುವಿನ ಯುದ್ಧದಿಂದ ಸಾಯುವವರ ಸಂಖ್ಯೆ 500 ಕೋಟಿಯನ್ನು ಮೀರಬಹುದು. ಸಾಯುವವರಲ್ಲಿ ಬಹುಪಾಲು ಜನ ಯುದ್ಧಭೂಮಿಯನ್ನು ಕಣ್ಣಿನಿಂದಲೂ ಕಾಣದವರು. ಲೋಕದಲ್ಲಿ ಇಂದು ಸುಮಾರು 12,000 ಅಣು ಸಿಡಿತಲೆಗಳಿವೆ.

2. 'ಪ್ರಳಯ' ಎಂಬ ಪದದ ತೊಡಕು

ನಮ್ಮ ಭಾಷೆಯಲ್ಲಿ ಈ ವಿಷಯವನ್ನು ಬೋಧಿಸುವಾಗ ವಿಶೇಷವಾದ ತೊಡಕೊಂದು ಎದುರಾಗುತ್ತದೆ. ನೋವನ ಕಾಲದ ಪ್ರವಾಹವನ್ನು ನಾವು 'ಜಲಪ್ರಳಯ' ಎನ್ನುತ್ತೇವೆ. ಜನಸಾಮಾನ್ಯರು ಲೋಕಾಂತ್ಯವನ್ನೂ 'ಪ್ರಳಯ' ಎಂದೇ ಕರೆಯುತ್ತಾರೆ. ಪುರಾಣ ಪರಂಪರೆಯಲ್ಲಿ ಈ ಪದಕ್ಕೆ ನಿಶ್ಚಿತವಾದ ಅರ್ಥವಿದೆ: ಯುಗಗಳು ಉರುಳಿ ಸೃಷ್ಟಿಯು ಲಯವಾಗಿ, ಮತ್ತೆ ಹುಟ್ಟಿ, ಮತ್ತೆ ಲಯವಾಗುವ ಚಕ್ರದ ಒಂದು ಘಟ್ಟ ಅದು. ಆ ಪರಂಪರೆಗೆ ತನ್ನದೇ ಆದ ಗಾಂಭೀರ್ಯವಿದೆ. ಆದರೆ ಕ್ರೈಸ್ತ ವಿಶ್ವಾಸವು ಅಂತ್ಯವನ್ನು ಕುರಿತು ಹೇಳುವುದು ಬೇರೆಯೇ ಸಂಗತಿ.

ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿ ಅಂತ್ಯವನ್ನು ಸೂಚಿಸುವ 'ತೆಲೊಸ್' ಎಂಬ ಪದಕ್ಕೆ 'ಮುಗಿಯುವುದು' ಎಂಬ ಅರ್ಥದ ಜೊತೆಗೆ 'ಗುರಿ', 'ಪೂರ್ಣತೆ' ಎಂಬ ಅರ್ಥವೂ ಇದೆ. ಬೆಳೆ ಮಾಗಿ ಕೊಯ್ಲಿಗೆ ಬರುವುದೂ ಒಂದು ಅಂತ್ಯ. ಬೆಳೆಗೆ ಬೆಂಕಿ ಬಿದ್ದು ಸುಟ್ಟುಹೋಗುವುದೂ ಒಂದು ಅಂತ್ಯ. ಎರಡರ ನಂತರವೂ ಹೊಲ ಬರಿದಾಗಿಯೇ ಕಾಣುತ್ತದೆ. ಆದರೆ ಒಂದರಲ್ಲಿ ಕಣಜ ತುಂಬಿರುತ್ತದೆ. ಕ್ರಿಸ್ತರ ಪುನರಾಗಮನ, ಸತ್ತವರ ಪುನರುತ್ಥಾನ, ನ್ಯಾಯತೀರ್ಪು, ನೂತನ ಆಕಾಶ ಮತ್ತು ನೂತನ ಭೂಮಿ ಇವೆಲ್ಲವೂ ಸೃಷ್ಟಿಯನ್ನು ಅದರ ಗುರಿಗೆ ಮುಟ್ಟಿಸುವ ದೇವರ ಕಾರ್ಯಗಳು. ಅಣ್ವಸ್ತ್ರ ಯುದ್ಧವಾಗಲಿ ಕೃತಕ ರೋಗಾಣುವಾಗಲಿ ಯಾರನ್ನೂ ಪುನರುತ್ಥಾನಗೊಳಿಸುವುದಿಲ್ಲ, ಯಾವ ಅನ್ಯಾಯಕ್ಕೂ ತೀರ್ಪು ನೀಡುವುದಿಲ್ಲ. ಹೀಗಿರುವಾಗ ಅದನ್ನು ಪ್ರಭುವಿನ ದಿನವೆಂದು ಕರೆಯುವುದು ಹೊಲ ಸುಟ್ಟವನನ್ನು ಕೊಯ್ಲುಗಾರನೆಂದು ಕರೆದಂತೆ.

3. ಮೊದಲ ತಪ್ಪು: 'ದೇವರು ಬಿಡುವುದಿಲ್ಲ'

ಸಂತ ಥಾಮಸ್ ಅಕ್ವೀನರು ಭರವಸೆಗೆ ವಿರುದ್ಧವಾದ ಎರಡು ಪಾಪಗಳನ್ನು ವಿವೇಚಿಸುತ್ತಾರೆ: ಹತಾಶೆ ಮತ್ತು ಅತಿಭರವಸೆ. ಅಂತ್ಯ ಮತ್ತು ವಿನಾಶಗಳನ್ನು ಒಂದೆಂದು ಬಗೆಯುವವರು ಇವೆರಡರಲ್ಲಿ ಒಂದಕ್ಕೆ ಜಾರುತ್ತಾರೆ.

ಅತಿಭರವಸೆಯ ವಾದ ಹೀಗಿರುತ್ತದೆ: ಲೋಕದ ಅಂತ್ಯ ದೇವರ ಕೈಯಲ್ಲಿದೆ, ಆದ್ದರಿಂದ ಮನುಷ್ಯರು ಲೋಕವನ್ನು ನಾಶಮಾಡಲಾರರು, ಚಿಂತೆಗೆ ಕಾರಣವಿಲ್ಲ. ಇದಕ್ಕೆ ಸಾಮಾನ್ಯವಾಗಿ ಎರಡು ಆಧಾರಗಳನ್ನು ಕೊಡಲಾಗುತ್ತದೆ. ಒಂದು, ಆದಿಕಾಂಡದ ಒಂಬತ್ತನೆಯ ಅಧ್ಯಾಯದಲ್ಲಿ ದೇವರು ನೋವನೊಡನೆ ಮಾಡಿಕೊಂಡ ಒಡಂಬಡಿಕೆ. ಆ ಒಡಂಬಡಿಕೆಯಲ್ಲಿ ದೇವರು ಮಾತು ಕೊಡುವುದು ತಮ್ಮ ಕಾರ್ಯವನ್ನು ಕುರಿತು: ಪ್ರವಾಹದಿಂದ ಸಕಲ ಜೀವಿಗಳನ್ನೂ ತಾವು ಮತ್ತೆ ಅಳಿಸುವುದಿಲ್ಲ ಎಂದು. ಮನುಷ್ಯನು ತನ್ನ ಕೈಯಿಂದಲೇ ಮಾಡಿಕೊಳ್ಳುವ ನಾಶವನ್ನು ತಡೆಯುವ ಭರವಸೆ ಅದರಲ್ಲಿಲ್ಲ. ಬದಲಾಗಿ, ಅದೇ ಅಧ್ಯಾಯದಲ್ಲಿ ಮನುಷ್ಯನ ರಕ್ತಕ್ಕೆ ಮನುಷ್ಯನೇ ಲೆಕ್ಕ ಒಪ್ಪಿಸಬೇಕೆಂಬ ಎಚ್ಚರಿಕೆಯಿದೆ. ಮುಗಿಲಬಿಲ್ಲು ದೇವರ ನಿಷ್ಠೆಯ ಗುರುತು. ನಮ್ಮ ಬೇಜವಾಬ್ದಾರಿಗೆ ಪರವಾನಗಿಯಲ್ಲ.

ಎರಡನೆಯ ಆಧಾರವು ಹೆಚ್ಚು ಸೂಕ್ಷ್ಮವಾದದ್ದು. ಕ್ರಿಸ್ತರು ಜೀವಂತರಿಗೂ ಮೃತರಿಗೂ ತೀರ್ಪು ನೀಡಲು ಬರುವರೆಂದು ವಿಶ್ವಾಸ ಸಂಗ್ರಹದಲ್ಲಿ ನಾವು ಹೇಳುತ್ತೇವೆ. ಆದ್ದರಿಂದ ಅವರು ಬರುವಾಗ ಯಾರಾದರೂ ಜೀವಂತರಾಗಿರಲೇಬೇಕಲ್ಲವೇ ಎಂದು ಕೆಲವರು ಕೇಳುತ್ತಾರೆ. ಆದರೆ ಈ ವಾಕ್ಯವನ್ನು ಎರಡು ರೀತಿಯಲ್ಲಿ ಗ್ರಹಿಸಬಹುದೆಂದು ಸಂತ ಅಗಸ್ಟೀನರು ಬಹು ಹಿಂದೆಯೇ ತೋರಿಸಿದ್ದಾರೆ: ಪುನರಾಗಮನದ ಹೊತ್ತಿನಲ್ಲಿ ದೇಹದಲ್ಲಿ ಜೀವಿಸಿರುವವರು ಎಂದಾದರೂ ಆಗಬಹುದು, ಇಲ್ಲವೇ 'ಜೀವಂತರು' ಎಂದರೆ ನೀತಿವಂತರು, 'ಮೃತರು' ಎಂದರೆ ಅನೀತಿವಂತರು ಎಂದಾದರೂ ಆಗಬಹುದು. ಮೊದಲ ಅರ್ಥವನ್ನೇ ಒಪ್ಪಿದರೂ ಆ ವಾಕ್ಯದಿಂದ ನಾಗರಿಕತೆಯ ಉಳಿವಿಗೆ ಖಾತರಿ ಸಿಗುವುದಿಲ್ಲ. ನೋವನ ನಾವೆಯಲ್ಲಿ ಎಂಟು ಮಂದಿ ಉಳಿದರು. ಹೊರಗಿನವರ ಪಾಲಿಗೆ ಅದು ಸಮಾಧಾನದ ಸಂಗತಿಯಾಗಿರಲಿಲ್ಲ. ಕೊನೆಯವರೆಗೂ ಯಾರೋ ಕೆಲವರು ಬದುಕಿರುವರೆಂಬ ನಂಬಿಕೆಯು ಕೋಟ್ಯಂತರ ಜನರ ಸಾವನ್ನು ಹಗುರವಾಗಿ ಕಾಣಲು ಕಾರಣವಾಗಬಾರದು.

ಪ್ರಭು ಯೇಸುವಿಗೆ ದೇವಾಲಯದ ಶಿಖರದ ಮೇಲೆ ಎದುರಾದ ಶೋಧನೆಯೂ ಇದೇ ಬಗೆಯದು: ದೇವದೂತರು ಹಿಡಿದುಕೊಳ್ಳುವರು, ಧುಮುಕು ಎಂದು ಸೈತಾನನು ಪವಿತ್ರ ಗ್ರಂಥದ ಮಾತನ್ನೇ ಎತ್ತಿ ಹೇಳಿದನು. ತಾನೇ ತನ್ನನ್ನು ರಕ್ಷಿಸಿಕೊಳ್ಳಬಹುದಾದಾಗ ಏನನ್ನೂ ಮಾಡದೆ ಅಪಾಯಕ್ಕೆ ಒಡ್ಡಿಕೊಂಡು ದೇವರ ಸಹಾಯವನ್ನು ನಿರೀಕ್ಷಿಸುವವನು ದೇವರನ್ನು ಪರೀಕ್ಷಿಸುತ್ತಾನೆ ಎಂದು ಅಕ್ವೀನರು ಬೋಧಿಸುತ್ತಾರೆ. ವ್ಯಕ್ತಿಗೆ ಅನ್ವಯಿಸುವ ಈ ಮಾತು ರಾಷ್ಟ್ರಗಳಿಗೂ ಅನ್ವಯಿಸುತ್ತದೆ.

1983ರ ಸೆಪ್ಟೆಂಬರ್ 26ರ ಘಟನೆಯನ್ನು ಇಲ್ಲಿ ನೆನೆಯಬಹುದು. ಅಮೆರಿಕವು ಐದು ಕ್ಷಿಪಣಿಗಳನ್ನು ಹಾರಿಸಿದೆ ಎಂದು ಸೋವಿಯತ್ ಒಕ್ಕೂಟದ ಮುನ್ನೆಚ್ಚರಿಕೆ ಯಂತ್ರಗಳು ಅಂದು ಸೂಚಿಸಿದವು. ಕರ್ತವ್ಯದಲ್ಲಿದ್ದ ಅಧಿಕಾರಿ ಸ್ತಾನಿಸ್ಲಾವ್ ಪೆತ್ರೋವ್, ನಿಜವಾದ ದಾಳಿಯಾಗಿದ್ದರೆ ಐದೇ ಕ್ಷಿಪಣಿಗಳು ಬರುತ್ತಿರಲಿಲ್ಲವೆಂದು ಯೋಚಿಸಿ, ಅದು ಸುಳ್ಳು ಎಚ್ಚರಿಕೆಯೆಂದು ಮೇಲಧಿಕಾರಿಗಳಿಗೆ ವರದಿ ಮಾಡಿದರು. ಮೋಡಗಳ ಮೇಲೆ ಪ್ರತಿಫಲಿಸಿದ ಬಿಸಿಲನ್ನು ಉಪಗ್ರಹವು ತಪ್ಪಾಗಿ ಗ್ರಹಿಸಿತ್ತೆಂದು ನಂತರ ತಿಳಿದುಬಂತು. ಲೋಕವನ್ನು ಅಂದು ಉಳಿಸಿದವರು ದೇವರೇ ಪೆತ್ರೋವರೇ ಎಂಬ ಪ್ರಶ್ನೆಯೇ ತಪ್ಪು ಪ್ರಶ್ನೆ. ದೈವಪರಿಪಾಲನೆಯು ಸೃಷ್ಟಿಯ ಕಾರಣಗಳನ್ನು ಬದಿಗೊತ್ತದೆ ಅವುಗಳ ಮೂಲಕವೇ ಕಾರ್ಯ ಮಾಡುತ್ತದೆ ಎಂಬುದು ಧರ್ಮಸಭೆಯ ಬೋಧನೆ. ದೇವರು ಲೋಕವನ್ನು ಕಾಯುವುದು ಬಹುಮಟ್ಟಿಗೆ ಒಬ್ಬ ಮನುಷ್ಯನ ವಿವೇಕ ಎಚ್ಚರವಾಗಿರುವುದರ ಮೂಲಕವೇ. ಆ ಎಚ್ಚರ ಇಲ್ಲದಿದ್ದರೂ ನಡೆದೀತು ಎನ್ನುವವನು ದೇವರನ್ನು ನಂಬುತ್ತಿಲ್ಲ, ಪರೀಕ್ಷಿಸುತ್ತಿದ್ದಾನೆ.

4. ಎರಡನೆಯ ತಪ್ಪು: 'ಬರೆದದ್ದು ಆಗಿಯೇ ತೀರುತ್ತದೆ'

ಇನ್ನೊಂದು ಕಡೆಯವರು ಪ್ರತಿಯೊಂದು ಯುದ್ಧವನ್ನೂ ಸಾಂಕ್ರಾಮಿಕವನ್ನೂ ಪ್ರಕಟನೆ ಗ್ರಂಥದ ಮುದ್ರೆಗಳಿಗೂ ತುತೂರಿಗಳಿಗೂ ಹೋಲಿಸಿ, ಇದೆಲ್ಲ ಮೊದಲೇ ಬರೆದಿಟ್ಟದ್ದು, ತಡೆಯುವವರು ನಾವು ಯಾರು ಎನ್ನುತ್ತಾರೆ. ಇದು ಮೇಲ್ನೋಟಕ್ಕೆ ಭಕ್ತಿಯಂತೆ ಕಂಡರೂ ಅಂತರಂಗದಲ್ಲಿ ಹತಾಶೆಯೇ.

ಪ್ರವಾದನೆ ಎಂದರೇನು ಎಂಬುದನ್ನು ಯೋನನ ಗ್ರಂಥ ನಮಗೆ ಕಲಿಸುತ್ತದೆ. ನಲವತ್ತು ದಿನಗಳಲ್ಲಿ ನಿನೆವೆ ನಗರ ನಾಶವಾಗುವುದೆಂದು ಯೋನನು ಯಾವ ಷರತ್ತನ್ನೂ ಹೇಳದೆ ಸಾರಿದನು. ಜನ ಮನಪರಿವರ್ತನೆ ಹೊಂದಿದರು, ನಗರ ಉಳಿಯಿತು. ತನ್ನ ಮಾತು ನಿಜವಾಗಲಿಲ್ಲವೆಂದು ಮುನಿಸಿಕೊಂಡವನು ಪ್ರವಾದಿ. ನಗರ ಉಳಿದದ್ದಕ್ಕೆ ಸಂತೋಷಪಟ್ಟವರು ದೇವರು. ಪವಿತ್ರ ಗ್ರಂಥದ ಎಚ್ಚರಿಕೆಗಳನ್ನು ನಾಶದ ವೇಳಾಪಟ್ಟಿಯಂತೆ ಓದುವವರು ಯೋನನ ಮುನಿಸಿಗೆ ಪಾಲುದಾರರಾಗುತ್ತಾರೆ.

ಇದರ ಬಗ್ಗೆ ಧರ್ಮಸಭೆಯ ಅನುಭವ ಹಳೆಯದು. ಐದನೆಯ ಶತಮಾನದ ಎರಡನೆಯ ದಶಕದಲ್ಲಿ ಸಲೋನಾದ ಧರ್ಮಾಧ್ಯಕ್ಷರಾಗಿದ್ದ ಹೆಸಿಕಿಯಸರು, ದಾನಿಯೇಲನ ಪ್ರವಾದನೆಯ ಆಧಾರದಿಂದ ಲೋಕಾಂತ್ಯದ ಕಾಲವನ್ನು ಅರಿಯಬಹುದೇ ಎಂದು ಅಗಸ್ಟೀನರೊಡನೆ ಪತ್ರವ್ಯವಹಾರ ನಡೆಸಿದರು. ರೋಮ್ ನಗರ 410ರಲ್ಲಿ ಲೂಟಿಗೊಳಗಾಗಿ ಇನ್ನೂ ಹತ್ತು ವರ್ಷಗಳೂ ಕಳೆದಿರಲಿಲ್ಲ. ಅಗಸ್ಟೀನರು ತಮ್ಮ ದೀರ್ಘ ಉತ್ತರದಲ್ಲಿ ಮೂವರು ಸೇವಕರ ಉದಾಹರಣೆ ಕೊಡುತ್ತಾರೆ. ಒಬ್ಬನು ಒಡೆಯ ಬೇಗ ಬರುವನು ಎನ್ನುತ್ತಾನೆ, ಇನ್ನೊಬ್ಬನು ತಡವಾಗಿ ಬರುವನು ಎನ್ನುತ್ತಾನೆ, ಮೂರನೆಯವನು ತನಗೆ ತಿಳಿಯದು ಎನ್ನುತ್ತಾನೆ. ಮೂವರೂ ಒಡೆಯನ ಬರವನ್ನು ಪ್ರೀತಿಸುವವರೇ. ಆದರೆ ಮೊದಲನೆಯವನ ಲೆಕ್ಕ ತಪ್ಪಿದರೆ ಜನರು ಒಡೆಯನು ಬರುವುದೇ ಇಲ್ಲವೆಂದು ಭಾವಿಸುವ ಅಪಾಯವಿದೆ. ಮೂರನೆಯವನು ಮಾತ್ರ ತಪ್ಪಲಾರನು.

ತಪ್ಪು ಲೆಕ್ಕದ ಬೆಲೆಯನ್ನು ಹಲವು ಬಾರಿ ನಿರಪರಾಧಿಗಳು ತೆತ್ತಿದ್ದಾರೆ. 1347ರಿಂದ ಯುರೋಪನ್ನು ಆವರಿಸಿದ ಮಹಾಮಾರಿ ಪ್ಲೇಗು ಕೆಲವೇ ವರ್ಷಗಳಲ್ಲಿ ಅಲ್ಲಿನ ಜನರಲ್ಲಿ ಮೂರನೇ ಒಂದು ಭಾಗವನ್ನಾದರೂ ಬಲಿ ತೆಗೆದುಕೊಂಡಿತು. ಲೋಕಾಂತ್ಯ ಬಂತೆಂದು ಭಾವಿಸಿದ ಗುಂಪುಗಳು ತಮ್ಮನ್ನು ತಾವೇ ಚಾಟಿಯಿಂದ ಹೊಡೆದುಕೊಳ್ಳುತ್ತಾ ಊರೂರು ತಿರುಗಿದವು. ಬಾವಿಗಳಿಗೆ ವಿಷ ಹಾಕಿದರೆಂದು ಯೆಹೂದ್ಯರ ಮೇಲೆ ಆರೋಪ ಹೊರಿಸಿ ಅವರನ್ನು ಕೊಲ್ಲಲಾಯಿತು. 1349ರ ಫೆಬ್ರವರಿಯಲ್ಲಿ ಸ್ಟ್ರಾಸ್‌ಬರ್ಗ್ ನಗರದಲ್ಲಿ ಅವರನ್ನು ಗುಂಪುಗುಂಪಾಗಿ ಸುಡಲಾಯಿತು. ಜಗದ್ಗುರು ಆರನೆಯ ಕ್ಲೆಮೆಂಟರು 1348ರಲ್ಲಿ ಹೊರಡಿಸಿದ ಆಜ್ಞೆಯಲ್ಲಿ, ಪ್ಲೇಗು ಯೆಹೂದ್ಯರನ್ನೂ ಕೊಲ್ಲುತ್ತಿದೆ, ಯೆಹೂದ್ಯರೇ ಇಲ್ಲದ ನಾಡುಗಳಲ್ಲಿಯೂ ಹಬ್ಬುತ್ತಿದೆ ಎಂದು ತರ್ಕಬದ್ಧವಾಗಿ ತೋರಿಸಿದರು. ಮರುವರ್ಷ ಚಾಟಿಯ ಗುಂಪುಗಳನ್ನು ಖಂಡಿಸಿದರು. ಆದರೆ ಭಯಗೊಂಡ ಜನ ತರ್ಕಕ್ಕೆ ಕಿವಿಗೊಡಲಿಲ್ಲ. ದುರಂತಕ್ಕೆ ಅವಸರದಿಂದ ದೈವಿಕ ಅರ್ಥ ಹಚ್ಚುವ ಬೋಧನೆಯು ಬೇಗನೆ ಯಾರನ್ನಾದರೂ ಅಪರಾಧಿ ಸ್ಥಾನದಲ್ಲಿ ನಿಲ್ಲಿಸುತ್ತದೆಂಬುದನ್ನು ಪ್ರಬೋಧಕರು ಮರೆಯಬಾರದು.

5. ಉರಕಾಮಿಯ ಪಾಠ

ಆಧುನಿಕ ಕಾಲದಲ್ಲಿ ಈ ಪ್ರಶ್ನೆಯನ್ನು ಜಪಾನಿನ ಕಥೋಲಿಕರಷ್ಟು ತೀವ್ರವಾಗಿ ಎದುರಿಸಿದವರು ವಿರಳ. 1945ರ ಆಗಸ್ಟ್ 9ರಂದು ಬೆಳಿಗ್ಗೆ 11 ಗಂಟೆ 2 ನಿಮಿಷಕ್ಕೆ ನಾಗಸಾಕಿಯ ಮೇಲೆ ಹಾಕಿದ ಅಣುಬಾಂಬು ಉರಕಾಮಿ ಎಂಬ ಭಾಗದಲ್ಲಿ ಸ್ಫೋಟಿಸಿತು. ಶತಮಾನಗಳ ಹಿಂಸೆಯ ನಡುವೆಯೂ ಗುಪ್ತವಾಗಿ ವಿಶ್ವಾಸವನ್ನು ಕಾಪಾಡಿಕೊಂಡು ಬಂದ ಕ್ರೈಸ್ತರ ನೆಲೆ ಅದು. ಅಲ್ಲಿನ ಸುಮಾರು 12,000 ಕಥೋಲಿಕರಲ್ಲಿ ಸುಮಾರು 8,500 ಮಂದಿ ಸತ್ತರು. ಮಾತೆ ಮರಿಯಳ ಸ್ವರ್ಗಸ್ವೀಕಾರದ ಮಹೋತ್ಸವಕ್ಕೆ ಸಿದ್ಧತೆಯಾಗಿ ಪಾಪನಿವೇದನೆಗೆಂದು ಪ್ರಧಾನಾಲಯಕ್ಕೆ ಬಂದಿದ್ದವರು ಗುರುಗಳೊಡನೆ ಅಲ್ಲಿಯೇ ಅಸುನೀಗಿದರು.

ಅದೇ ವರ್ಷದ ನವೆಂಬರ್ 23ರಂದು ಅವಶೇಷಗಳ ನಡುವೆ ಮೃತರಿಗಾಗಿ ಬಲಿಪೂಜೆ ನಡೆಯಿತು. ಬಾಂಬಿಗೆ ತಮ್ಮ ಪತ್ನಿಯನ್ನು ಕಳೆದುಕೊಂಡಿದ್ದ ವಿಕಿರಣ ವೈದ್ಯ ತಕಾಶಿ ನಾಗಾಯ್ ಅವರು ಅಂದು ಮಾತನಾಡಿ, ಯುದ್ಧದ ಪಾಪಗಳಿಗೆ ಪ್ರಾಯಶ್ಚಿತ್ತವಾಗಿ ದೇವರು ಉರಕಾಮಿಯನ್ನು ನಿರ್ದೋಷವಾದ ದಹನಬಲಿಯಾಗಿ ಆರಿಸಿಕೊಂಡರೆಂಬ ಅರ್ಥದಲ್ಲಿ ಸಾಂತ್ವನ ಹೇಳಿದರು. ನೊಂದವರ ನಡುವೆ ತಾವೂ ನೊಂದು ನುಡಿದ ಆ ಮಾತನ್ನು ದೂರದಲ್ಲಿ ಕುಳಿತು ಹಗುರವಾಗಿ ಟೀಕಿಸುವುದು ಸಲ್ಲದು. ಅದು ಅನೇಕರಿಗೆ ಬದುಕುವ ಶಕ್ತಿ ಕೊಟ್ಟಿತು. ಆದರೆ ಅದರಲ್ಲಿ ಅಡಗಿದ್ದ ಅಪಾಯವನ್ನು ಜಪಾನಿನಲ್ಲಿಯೇ ಹಲವರು ನಂತರ ಎತ್ತಿ ತೋರಿಸಿದರು. ಬಾಂಬು ದೇವರ ಸಂಕಲ್ಪವಾದರೆ ಅದನ್ನು ಹಾಕಿದವರಿಗೆ ಹೊಣೆಯಿಲ್ಲ, ಯುದ್ಧವನ್ನು ಆರಂಭಿಸಿದವರಿಗೂ ಹೊಣೆಯಿಲ್ಲ, ಬದುಕುಳಿದವರಿಗೆ ದೂರುವ ಹಕ್ಕಿಲ್ಲ.

1981ರ ಫೆಬ್ರವರಿ 25ರಂದು ಜಗದ್ಗುರು ಎರಡನೆಯ ಜಾನ್ ಪೌಲರು ಹಿರೋಶಿಮಾದಲ್ಲಿ ನಿಂತು, ಯುದ್ಧವು ಮನುಷ್ಯರ ಕೈಕೆಲಸವೆಂದು ಸ್ಪಷ್ಟವಾಗಿ ನುಡಿದರು. ಅಲ್ಲಿಯವರೆಗೆ ತಮ್ಮ ಸಂಕಟವನ್ನು ದೈವಸಂಕಲ್ಪವೆಂದು ಮೌನವಾಗಿ ಹೊತ್ತಿದ್ದ ಕೆಲವು ಕಥೋಲಿಕರಿಗೆ ಈ ಮಾತು ಬಾಯಿ ಕೊಟ್ಟಿತು. ಸತ್ತವರನ್ನು ಕ್ರಿಸ್ತರ ಬಲಿಯೊಡನೆ ದೇವರಿಗೆ ಒಪ್ಪಿಸಬಹುದು. ಆದರೆ ಅವರನ್ನು ಕೊಂದ ಕೃತ್ಯವನ್ನು ದೇವರಿಗೆ ಅಂಟಿಸಬಾರದು. ಶಿಲುಬೆಯ ವಿಷಯದಲ್ಲಿಯೂ ಧರ್ಮಸಭೆ ಹೇಳುವುದು ಇದನ್ನೇ: ಮನುಷ್ಯರ ಪಾಪದಿಂದ ದೇವರು ರಕ್ಷಣೆಯನ್ನು ಹೊರತೆಗೆದರು; ಅದರಿಂದ ಪಾಪವು ಪುಣ್ಯವಾಗಲಿಲ್ಲ.

6. ಧರ್ಮಸಭೆಯ ಬೋಧನೆ ಮತ್ತು ನಮ್ಮ ಹೊಣೆ

1962ರ ಅಕ್ಟೋಬರಿನಲ್ಲಿ ಕ್ಯೂಬಾ ಬಿಕ್ಕಟ್ಟಿನಿಂದ ಲೋಕ ಅಣ್ವಸ್ತ್ರ ಯುದ್ಧದ ಅಂಚಿಗೆ ಬಂದುದನ್ನು ಕಂಡ ಜಗದ್ಗುರು ಇಪ್ಪತ್ತಮೂರನೆಯ ಜಾನರು, 1963ರ ಏಪ್ರಿಲ್ 11ರಂದು 'ಪಾಚೆಮ್ ಇನ್ ತೆರ್ರಿಸ್' ಎಂಬ ವಿಶ್ವಪತ್ರವನ್ನು ಹೊರಡಿಸಿದರು. ಎರಡನೆಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ 'ಗೌದಿಯುಮ್ ಎತ್ ಸ್ಪೆಸ್' ಸಂವಿಧಾನದ 80ನೆಯ ಪರಿಚ್ಛೇದದಲ್ಲಿ, ಇಡೀ ನಗರಗಳನ್ನು ವಿವೇಚನೆಯಿಲ್ಲದೆ ನಾಶಮಾಡುವ ಯುದ್ಧಕೃತ್ಯವನ್ನು ದೇವರಿಗೂ ಮಾನವನಿಗೂ ವಿರುದ್ಧವಾದ ಅಪರಾಧವೆಂದು ಖಂಡಿಸಿತು. ಜಗದ್ಗುರು ಫ್ರಾನ್ಸಿಸರು 2019ರ ನವೆಂಬರ್ 24ರಂದು ಹಿರೋಶಿಮಾದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಅಣ್ವಸ್ತ್ರಗಳನ್ನು ಬಳಸುವುದಷ್ಟೇ ಅಲ್ಲ, ಹೊಂದಿರುವುದೂ ಅನೈತಿಕವೆಂದು ಸಾರಿದರು. ಅಣ್ವಸ್ತ್ರಗಳನ್ನು ನಿಷೇಧಿಸುವ ಅಂತರರಾಷ್ಟ್ರೀಯ ಒಪ್ಪಂದಕ್ಕೆ 2017ರಲ್ಲಿಯೇ ಸಹಿ ಮಾಡಿ ಅನುಮೋದಿಸಿದ ಮೊದಲಿಗರಲ್ಲಿ ಪವಿತ್ರ ಪೀಠವೂ ಒಂದು. ಭಾರತವು ಆ ಒಪ್ಪಂದದಲ್ಲಿ ಸೇರಿಲ್ಲ. 1974ರಿಂದ ಅಣುಸ್ಫೋಟದ ಸಾಮರ್ಥ್ಯವನ್ನು ತೋರಿಸಿರುವ ರಾಷ್ಟ್ರದ ಪ್ರಜೆಗಳಾದ ನಾವು ಈ ಬೋಧನೆಯನ್ನು ಬೇರೆ ಯಾರಿಗೋ ಹೇಳಿದ್ದೆಂದು ಓದುವಂತಿಲ್ಲ.

ಅದೇ ಸಂವಿಧಾನದ 39ನೆಯ ಪರಿಚ್ಛೇದವು ನಮ್ಮ ವಿಷಯಕ್ಕೆ ಬೀಗದ ಕೈಯಂತಿದೆ. ಅಂತ್ಯದ ಕಾಲವೂ ವಿಧಾನವೂ ನಮಗೆ ತಿಳಿಯದೆಂದು ಅದು ಒಪ್ಪುತ್ತದೆ. ನೂತನ ಭೂಮಿಯ ನಿರೀಕ್ಷೆಯು ಈ ಭೂಮಿಯ ಕಾಳಜಿಯನ್ನು ಕುಗ್ಗಿಸಬಾರದು, ಹೆಚ್ಚಿಸಬೇಕು ಎಂದು ಬೋಧಿಸುತ್ತದೆ. ಪ್ರೀತಿಯೂ ಪ್ರೀತಿಯ ಕಾರ್ಯಗಳೂ ಉಳಿಯುವುವೆಂದು ಭರವಸೆ ಕೊಡುತ್ತದೆ. ದೇವರ ಸಾಮ್ರಾಜ್ಯವು ಇತಿಹಾಸದ ನಿರಂತರ ಪ್ರಗತಿಯಿಂದ ತಾನಾಗಿಯೇ ಅರಳುವುದಿಲ್ಲ, ಧರ್ಮಸಭೆಯೂ ತನ್ನ ಪ್ರಭುವಿನಂತೆ ಕೊನೆಯ ಶೋಧನೆಯನ್ನು ಹಾದುಹೋಗಬೇಕಾಗಿದೆ ಎಂದು ಕಥೋಲಿಕ ಧರ್ಮೋಪದೇಶ ಗ್ರಂಥವು 675ರಿಂದ 677ರವರೆಗಿನ ಪರಿಚ್ಛೇದಗಳಲ್ಲಿ ಹೇಳುವುದನ್ನೂ ಇದರೊಡನೆ ಸೇರಿಸಿ ಓದಬೇಕು. ಕ್ರೈಸ್ತ ಭರವಸೆಯು ನಾಗರಿಕತೆ ಉಳಿದೇ ಉಳಿಯುತ್ತದೆಂಬ ಆಶಾವಾದವಲ್ಲ. ನಾಗರಿಕತೆ ಉಳಿಯದಿದ್ದರೂ ಕ್ರಿಸ್ತರು ಪ್ರಭುವಾಗಿಯೇ ಇರುವರು. ಆದರೆ ಆ ಪ್ರಭುವು ತೀರ್ಪಿನ ದಿನ ನಮ್ಮನ್ನು ಕೇಳುವುದು ಹಸಿದವರನ್ನೂ ಬಾಯಾರಿದವರನ್ನೂ ಕುರಿತೇ. ಲೋಕದ ಹಸಿವನ್ನು ಹೆಚ್ಚಿಸುವ ಯುದ್ಧದ ಸಿದ್ಧತೆಗೆ ಮೌನಸಮ್ಮತಿ ಕೊಟ್ಟವರು ಆ ಪ್ರಶ್ನೆಗೆ ಏನೆಂದು ಉತ್ತರಿಸಬಲ್ಲರು?

ಗುರುಗಳಿಗೂ ಗುರು ಅಭ್ಯರ್ಥಿಗಳಿಗೂ ಇದರಿಂದ ಕೆಲವು ಕರ್ತವ್ಯಗಳು ಒದಗುತ್ತವೆ. ಅಂತ್ಯಕಾಲದ ವಾಚನಗಳನ್ನು ಬೋಧಿಸುವಾಗ ಅವನ್ನು ಅಂದಿನ ಸುದ್ದಿಗೆ ತಾಳೆಹಾಕದಿರಬೇಕು. ಶುಭಸಂದೇಶವು ಆ ಚಿತ್ರಗಳ ನಡುವೆಯೇ ತಲೆಯೆತ್ತಿ ನಿಲ್ಲಲು ಕರೆಕೊಡುವುದನ್ನು ತೋರಿಸಬೇಕು. ದುರಂತದಲ್ಲಿ ಸತ್ತವರ ಕುಟುಂಬದವರಿಗೆ ಕಾರಣ ಹೇಳಲು ಹೋಗದೆ ಅವರೊಡನೆ ಪ್ರಾರ್ಥಿಸಬೇಕು. ಅಣ್ವಸ್ತ್ರ, ಹವಾಮಾನ, ಕೃತಕ ಬುದ್ಧಿಮತ್ತೆ ಇವುಗಳನ್ನು ಕುರಿತ ಧರ್ಮಸಭೆಯ ಸಾಮಾಜಿಕ ಬೋಧನೆಯನ್ನು ಧರ್ಮೋಪದೇಶದ ತರಗತಿಗಳಲ್ಲಿ ಅಂತ್ಯಶಾಸ್ತ್ರದ ಜೊತೆಗೇ ಕಲಿಸಬೇಕು. ಎರಡನ್ನೂ ಬೇರೆ ಬೇರೆ ಪುಸ್ತಕಗಳಲ್ಲಿ ಇಟ್ಟದ್ದರಿಂದಲೇ ಭರವಸೆ ಮತ್ತು ಹೊಣೆ ಬೇರೆ ಬೇರೆಯಾಗಿ ಕಾಣುತ್ತಿವೆ.

ಇವೆರಡನ್ನೂ ಒಂದುಗೂಡಿಸಿ ಬದುಕಿದವರಿಗೆ ಒಳ್ಳೆಯ ಮಾದರಿ ಮಹಾ ಗ್ರೆಗೊರಿಯವರು. 590ರಲ್ಲಿ ಅವರ ಹಿಂದಿನ ಜಗದ್ಗುರು ಪ್ಲೇಗಿನಿಂದ ತೀರಿಕೊಂಡ ಮೇಲೆ ಅವರು ಆ ಪೀಠವನ್ನೇರಿದರು. ನೆರೆ, ರೋಗ, ಲೊಂಬಾರ್ಡರ ದಾಳಿ ಎಲ್ಲವನ್ನೂ ಕಂಡ ಅವರು ಲೋಕಾಂತ್ಯ ಹತ್ತಿರವಾಗಿದೆ ಎಂದೇ ನಂಬಿದ್ದರು. 601ರಲ್ಲಿ ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದ ದೊರೆ ಎಥೆಲ್‌ಬರ್ಟನಿಗೆ ಬರೆದ ಪತ್ರದಲ್ಲಿಯೂ ಅದನ್ನು ಹೇಳಿದರು. ಆದರೂ ರೋಮಿನ ಬಡವರ ಹೆಸರುಗಳನ್ನು ಪಟ್ಟಿಮಾಡಿಸಿ ಧಾನ್ಯ ಹಂಚಿಸಿದರು, ಸೆರೆಸಿಕ್ಕವರನ್ನು ಬಿಡಿಸಿದರು, ತಾವು ಎಂದೂ ಕಾಣದ ದೂರದ ದ್ವೀಪಕ್ಕೆ ಶುಭಸಂದೇಶ ಸಾರುವವರನ್ನು ಕಳುಹಿಸಿದರು. ಅಂತ್ಯದ ಕಾಲವನ್ನು ಕುರಿತ ಅವರ ಊಹೆ ನಿಜವಾಗಲಿಲ್ಲ. ಅವರು ಹಂಚಿದ ಧಾನ್ಯದಿಂದ ಜನರು ಬದುಕಿದರು. ಅವರು ಕಳುಹಿಸಿದವರಿಂದ ಒಂದು ಧರ್ಮಸಭೆ ಹುಟ್ಟಿತು. ಪ್ರಭು ಇಂದೇ ಬರಲಿ ಎಂದು ಪ್ರಾರ್ಥಿಸುವವರು, ಅವರು ಬರುವಾಗ ಈ ಭೂಮಿ ಇನ್ನೂ ಮನುಷ್ಯರು ವಾಸಿಸುವ ಮನೆಯಾಗಿರುವಂತೆ ದುಡಿಯಬೇಕಾದವರೂ ಹೌದು.